ಬಣ್ಣ ಹಿಡಿದ ಮಿದುಳು

ಹತ್ತಿಯ ನೂಲಿಗೆ ಬಣ್ಣ ಹಿಡಿಯಬೇಕಾದರೆ ಮೊದಲು ಅದನ್ನು ಅಳಲೆಕಾಯಿಯ ಕಷಾಯದಲ್ಲಿಯೋ ಪಟಿಕದ ನೀರಿನಲ್ಲಿಯೋ ಅದ್ದಿ ಹದಗೊಳಿಸಬೇಕೆಂಬುದು ಬಣ್ಣಗಾರರೆಲ್ಲರೂ ಬಲ್ಲ ಸಂಗತಿ. ಇಂತಹ ಪೂರ್ವಸಂಸ್ಕಾರದ ಅಗತ್ಯವಿಲ್ಲದೆ ನೇರವಾಗಿ ನೂಲಿಗೆ ಅಂಟಿಕೊಳ್ಳಬಲ್ಲ ಕೆಂಬಣ್ಣವೊಂದನ್ನು ಪೌಲ್ ಬಟಿಗರ್ ಎಂಬ ಜರ್ಮನ್ ರಸಾಯನಜ್ಞನು ಸಿದ್ಧಪಡಿಸಿ 1884ರಲ್ಲಿ ಪೇಟೆಂಟ್ ಪಡೆದನು. ಅದನ್ನು ಕೊಂಡುಕೊಂಡ ಬರ್ಲಿನ್ನಿನ ಆಗ್ಫಾ ಕಂಪನಿಯು, ಆಫ್ರಿಕಾದ ಕಾಂಗೋ ಪ್ರದೇಶವನ್ನು ಕುರಿತು ಯೂರೋಪಿನ ರಾಷ್ಟ್ರಗಳು ಅದೇ ನಗರದಲ್ಲಿ ಸಮ್ಮೇಳನ ನಡೆಸಿದ ದಿನಗಳಲ್ಲಿ, 'ಕಾಂಗೋ ಕೆಂಪು' ಎಂಬ ಹೆಸರಿಟ್ಟು ಅದನ್ನು ಮಾರಾಟಕ್ಕಿಳಿಸಿತು. ಆ ಬಣ್ಣಕ್ಕೂ ಕಾಂಗೋ ದೇಶಕ್ಕೂ ಯಾವ ಸಂಬಂಧವೂ ಇರಲಿಲ್ಲ. ವ್ಯಾಪಾರಕ್ಕೆ ಸಂಬಂಧ ಬೇಕಾಗುವುದೂ ಇಲ್ಲ. ವೃದ್ಧಾಪ್ಯದ ಮರೆವಿನ ರೋಗವನ್ನು ಜೀವಂತ ಮಿದುಳಿನಲ್ಲಿ ಕಾಣುವ ವಿದ್ಯೆಯ ಚರಿತ್ರೆಯನ್ನು ಬರೆಯ ಹೊರಟವನು ಯಂತ್ರಗಳಿಂದಲ್ಲ, ಬಟ್ಟೆಯ ಬಣ್ಣಗಳಿಂದಲೇ ತೊಡಗಬೇಕೆಂದು ನನ್ನ ಅಭಿಪ್ರಾಯ.

ಏಕೆಂದರೆ ಈ ರೋಗವು ಮೊದಲಿಗೆ ಕಣ್ಣಿಗೆ ಬಿದ್ದದ್ದೇ ಬಣ್ಣದಿಂದ. 1901ರ ನವೆಂಬರ್ ತಿಂಗಳಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಬಂದ, ಐವತ್ತೊಂದು ವರ್ಷ ಪ್ರಾಯದ ಔಗುಸ್ಟೆ ಡೇಟರ್ ಎಂಬಾಕೆಯನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್ಝೈಮರನು ತನ್ನ ಪ್ರಶ್ನೆಗಳನ್ನೂ ಆಕೆಯ ಉತ್ತರಗಳನ್ನೂ ಶ್ರದ್ಧೆಯಿಂದ ಬರೆದಿಟ್ಟನು. ಗಂಡನ ಹೆಸರೇನೆಂದು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದಳು. ಹೂಕೋಸಿನೊಡನೆ ಹಂದಿಯ ಮಾಂಸವನ್ನು ತಿನ್ನುತ್ತಿದ್ದಾಗ ಏನು ತಿನ್ನುತ್ತಿರುವೆಯೆಂದರೆ ಪಾಲಕ್ ಸೊಪ್ಪು ಎಂದಳು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ತರುವಾಯ, ಅಷ್ಟರಲ್ಲಿ ಮ್ಯೂನಿಕ್ಕಿಗೆ ಹೋಗಿ ನೆಲಸಿದ್ದ ಆಲ್ಝೈಮರನು ಆಕೆಯ ಮಿದುಳನ್ನು ತರಿಸಿಕೊಂಡು, ತೆಳುವಾದ ಪದರಗಳಾಗಿ ಕೊಯ್ದು, ಬೆಳ್ಳಿಯ ಲವಣದಿಂದ ಬಣ್ಣಗಟ್ಟಿಸಿ ನೋಡಲಾಗಿ, ನರಕೋಶಗಳ ಹೊರಗೆ ಚಕ್ಕೆಚಕ್ಕೆಯಾಗಿ ಸೇರಿಕೊಂಡಿದ್ದ ಒಂದು ವಸ್ತುವೂ ಕೋಶಗಳ ಒಳಗೆ ದಾರದ ಸಿಕ್ಕಿನಂತಹ ಎಳೆಗಳೂ ಕಾಣಿಸಿದುವು. ಆ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಇದನ್ನು ನಿವೇದಿಸಿದಾಗ ಸಭಿಕರಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಜರ್ಮನ್ ಮನೋವೈದ್ಯ ಕ್ರೇಪೆಲಿನ್ನನು ತನ್ನ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್ಝೈಮರನ ಹೆಸರನ್ನಿಟ್ಟನು.

ಕಾಂಗೋ ಕೆಂಪು ವೈದ್ಯರ ಮನೆಯನ್ನು ಹೊಕ್ಕದ್ದು ಆಮೇಲೆ. ಅಮಿಲಾಯ್ಡ್ ಎಂಬ ರೋಗದ್ರವ್ಯಕ್ಕೆ ಈ ಬಣ್ಣವು ಬಿಡದಂತೆ ಹತ್ತಿಕೊಳ್ಳುವುದೆಂದು 1922ರಲ್ಲಿ ಜರ್ಮನಿಯ ಬೆನ್‌ಹೋಲ್ಡನು ಕಂಡುಕೊಂಡಿದ್ದನು. ಬೆಲ್ಜಿಯಮ್ಮಿನ ಪೌಲ್ ದಿವ್ರಿ ಎಂಬವನು 1927ರಲ್ಲಿ ಅದನ್ನೇ ವೃದ್ಧರ ಮಿದುಳಿನ ಚಕ್ಕೆಗಳ ಮೇಲೆ ಪ್ರಯೋಗಿಸಿ, ಅವೂ ಅಮಿಲಾಯ್ಡೇ ಎಂದು ತೋರಿಸಿದನು. ಆದರೆ ಇದೆಲ್ಲವೂ ಸತ್ತ ಮೇಲಿನ ಮಾತು. ಬದುಕಿರುವ ರೋಗಿಯ ಎದುರಿಗೆ ಕುಳಿತ ವೈದ್ಯನಿಗೆ ಊಹೆಯೇ ಗತಿಯಾಗಿತ್ತು.

ಜೀವಂತ ಮಿದುಳಿನ ಚಿತ್ರವನ್ನು ತೆಗೆಯುವ ಯತ್ನಗಳು ನಡೆಯದೆ ಇರಲಿಲ್ಲ. ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿಯು 1919ರಲ್ಲಿ ರೂಢಿಗೆ ತಂದ ಕ್ರಮದಂತೆ, ಬೆನ್ನೆಲುಬಿನ ಸಂದಿಯಲ್ಲಿ ಸೂಜಿ ಚುಚ್ಚಿ ಮಿದುಳಿನ ನೀರನ್ನು ಹೊರತೆಗೆದು, ಅದರ ಸ್ಥಾನದಲ್ಲಿ ಗಾಳಿಯನ್ನು ತುಂಬಿ ಎಕ್ಸ್‌ರೇ ಹಿಡಿಯುತ್ತಿದ್ದರು. ರೋಗಿಗೆ ಅಸಹನೀಯವಾದ ತಲೆನೋವು, ವಾಂತಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರನು ನಿರ್ಮಿಸಿದ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿದ ಮೇಲೆ ಆ ಯಾತನೆ ತಪ್ಪಿತು. ಮಿದುಳು ಕುಗ್ಗಿದೆಯೆಂಬುದು ಈಗ ಕಾಣುತ್ತಿತ್ತು. ಆದರೆ ಮುಪ್ಪಿನಲ್ಲಿ ಆರೋಗ್ಯವಂತರ ಮಿದುಳೂ ಕುಗ್ಗುವುದರಿಂದ ಅದನ್ನು ರೋಗದ ಗುರುತೆನ್ನುವಂತಿರಲಿಲ್ಲ. 1976ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದವರು ವಿಕಿರಣ ಬೆರೆತ ಸಕ್ಕರೆಯನ್ನು ತಯಾರಿಸಿ, ನೂರಹತ್ತು ನಿಮಿಷಗಳಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುವುದಾದ್ದರಿಂದ ವಿಮಾನದಲ್ಲಿ ಫಿಲಡೆಲ್ಫಿಯಕ್ಕೆ ಕಳುಹಿಸಿಕೊಟ್ಟರು. ಅಲ್ಲಿ ಅದನ್ನು ಮನುಷ್ಯರಿಗೆ ಚುಚ್ಚಿ, ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆಯನ್ನು ಉಣ್ಣುತ್ತದೆಂಬುದನ್ನು ಚಿತ್ರಿಸಿದರು. ಇದು ಹಿರಿದಾದ ಸಾಧನೆಯೇ. ಆದರೂ ಆಲ್ಝೈಮರನು ಕಂಡ ಚಕ್ಕೆಗಳು ಇನ್ನೂ ಮರೆಯಲ್ಲಿಯೇ ಇದ್ದುವು.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್, ಚೆಸ್ಟರ್ ಮ್ಯಾಥಿಸ್ ಇವರಿಬ್ಬರು ಹಳೆಯ ಬಣ್ಣಗಳ ಕಡೆಗೆ ಹಿಂದಿರುಗಿದ್ದು ಈ ಸಂದರ್ಭದಲ್ಲಿ. ಕಾಂಗೋ ಕೆಂಪನ್ನೂ ಅದರ ಬಂಧುಗಳನ್ನೂ ಮೊದಲು ಪರೀಕ್ಷಿಸಿದರು. ಆದರೆ ವಿದ್ಯುದಾವೇಶವುಳ್ಳ ಆ ಅಣುಗಳನ್ನು, ರಕ್ತಕ್ಕೂ ಮಿದುಳಿಗೂ ನಡುವೆ ಪ್ರಕೃತಿಯು ಕಟ್ಟಿರುವ ತಡೆಯು ಒಳಕ್ಕೆ ಬಿಡುವುದಿಲ್ಲ. ಬಳಿಕ ಅವರು ಹಿಡಿದುಕೊಂಡದ್ದು ಥಿಯೋಫ್ಲೇವಿನ್ ಎಂಬ ಹಳದಿ. ಅದೂ ಬಟ್ಟೆಯ ಬಣ್ಣವೇ. ಅದರ ಅಣುವಿನಿಂದ ಧನಾವೇಶವನ್ನು ಕಳೆದು, ವಿಕಿರಣವುಳ್ಳ ಇಂಗಾಲದ ಪರಮಾಣುವೊಂದನ್ನು ಜೋಡಿಸಿದಾಗ, ಹೊಸ ದ್ರವ್ಯವು ತಡೆಯನ್ನು ದಾಟಿತು, ಚಕ್ಕೆಗಳನ್ನು ಕಚ್ಚಿಕೊಂಡಿತು, ಚಕ್ಕೆಯಿಲ್ಲದೆಡೆಯಿಂದ ಬೇಗನೆ ತೊಳೆದುಹೋಯಿತು. ಇಷ್ಟು ಅಲ್ಪವಾದ ಮಾರ್ಪಾಡಿಗೆ ವರ್ಷಗಳೇ ಹಿಡಿದುವೆಂಬುದನ್ನು ಯಂತ್ರಗಳನ್ನು ಮಾತ್ರ ಕೊಂಡಾಡುವವರು ನೆನೆಯಬೇಕು.

ಮನುಷ್ಯರ ಮೇಲಣ ಮೊದಲ ಪ್ರಯೋಗವು 2002ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಉಪ್ಸಲದಲ್ಲಿ ನಡೆಯಿತು. ಆ ಇಂಗಾಲದ ಶಕ್ತಿ ಇಪ್ಪತ್ತೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ, ತಯಾರಿಸಿದಲ್ಲಿಯೇ ಚುಚ್ಚಬೇಕಾಗಿತ್ತು. ಹದಿನಾರು ಮಂದಿ ರೋಗಿಗಳನ್ನೂ ಒಂಬತ್ತು ಮಂದಿ ಆರೋಗ್ಯವಂತರನ್ನೂ ಪರೀಕ್ಷಿಸಿದ ಫಲಿತಾಂಶವು 2004ರಲ್ಲಿ ಪ್ರಕಟವಾಯಿತು. ರೋಗಿಗಳ ಮಿದುಳಿನ ಮುಂಭಾಗವು ಚಿತ್ರದಲ್ಲಿ ನಿಚ್ಚಳವಾಗಿ ಹೊಳೆಯಿತು.

ಅಲ್ಲಿಗೆ ಪ್ರಶ್ನೆ ಬಗೆಹರಿಯಿತೆಂದುಕೊಂಡವರಿಗೆ ಮುಂದಿನ ವರ್ಷಗಳು ಸಮಾಧಾನವನ್ನು ತರಲಿಲ್ಲ. ನೆನಪು ಚೆನ್ನಾಗಿಯೇ ಇದ್ದ ಹಲವು ವೃದ್ಧರ ಮಿದುಳಿನಲ್ಲಿಯೂ ಚಕ್ಕೆಗಳು ಕಾಣಿಸಿದುವು. ಉಪ್ಸಲದ ಆ ಹದಿನಾರು ಮಂದಿಯನ್ನೇ ಸುಮಾರು ಎರಡು ವರ್ಷಗಳ ತರುವಾಯ ಮತ್ತೆ ಚಿತ್ರಿಸಿದಾಗ, ಅಮಿಲಾಯ್ಡ್ ಇದ್ದಷ್ಟೇ ಇತ್ತು. ಮರೆವು ಹೆಚ್ಚಿದವರಲ್ಲಿ ಸಕ್ಕರೆಯ ಬಳಕೆ ಮಾತ್ರ ಇಳಿದುಹೋಗಿತ್ತು. ರೋಗ ಮುಂದುವರಿದರೂ ಚಕ್ಕೆ ಬೆಳೆಯದಿದ್ದುದನ್ನು ಕಂಡು, ಸಂಶೋಧಕರು ಆಲ್ಝೈಮರನು ವರ್ಣಿಸಿದ ಎರಡನೆಯ ಕುರುಹಾದ ಸಿಕ್ಕುಗಳಿಗೂ ಬಣ್ಣವನ್ನು ಹುಡುಕತೊಡಗಿದರು. ಅಂತಹ ದ್ರವ್ಯವೊಂದಕ್ಕೆ ಅಮೆರಿಕದ ಸರಕಾರವು 2020ರಲ್ಲಿ ಅನುಮತಿಯಿತ್ತಿತು. ನೆನಪಿನ ಇಳಿತಕ್ಕೆ ಚಕ್ಕೆಗಳಿಗಿಂತ ಸಿಕ್ಕುಗಳೇ ಹತ್ತಿರದ ಸಾಕ್ಷಿಗಳೆಂದು ಈ ಚಿತ್ರಗಳಿಂದ ತೋರಿದೆ. ಆದರೂ ಎರಡರಲ್ಲಿ ಯಾವುದು ಕಾರಣ, ಯಾವುದು ಕಾರ್ಯ ಎಂಬ ವಾದವನ್ನು ಪಂಡಿತರು ಇನ್ನೂ ಕೈಬಿಟ್ಟಿಲ್ಲ.