ಸಾಹೇಬರಿಗೆ ಪಾಠ ಹೇಳಿದ ಮುನ್ಷಿಗಳು

ಬಳ್ಳಾರಿಯ ಕೌಲ್ ಬಜಾರ್ ಎಂಬ ಹೆಸರಿನಲ್ಲೇ ಒಂದು ಚರಿತ್ರೆ ಅಡಗಿದೆ. ‘ಕೌಲ್’ ಅರಬೀ ಮೂಲದ ಪದ. ಮಾತು, ವಚನ ಎಂದು ಅದರ ಅರ್ಥ. ದಖನ್ನಿನ ಆಡಳಿತದಲ್ಲಿ ಅದು ಸರಕಾರವು ರೈತನಿಗೋ ವರ್ತಕನಿಗೋ ಬರೆದುಕೊಡುವ ಭರವಸೆಯ ಪತ್ರವಾಯಿತು. ಹಳೆಯ ಕನ್ನಡ ಕಡತಗಳಲ್ಲಿ ‘ಕೌಲು’ ಎಂಬ ರೂಪದಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ಅರಬಿಯ ಕೌಲ್ ಮತ್ತು ಫಾರಸಿಯ ಬಜಾರ್ ಕೂಡಿ ಇಂಗ್ಲಿಷರ ದಂಡಿನ ಊರಿನ ಬಡಾವಣೆಯೊಂದಕ್ಕೆ ಹೆಸರಾಗಿ, ಕನ್ನಡ, ತೆಲುಗು, ದಖನಿ ಆಡುವವರೆಲ್ಲರ ಬಾಯಲ್ಲಿ ಉಳಿದುಕೊಂಡಿದೆ.

ಇಂದು ಭಾಷೆ ಕಲಿಯುವುದು ಎಂದರೆ ನಮಗೆ ಇಂಗ್ಲಿಷ್ ಕಲಿಯುವುದು ಎಂದೇ ಅರ್ಥ. ಇಂಗ್ಲಿಷ್ ಕಲಿಸುವ ಖಾಸಗಿ ಶಾಲೆಗಳು ಜಗತ್ತಿನ ಎಲ್ಲ ಕಡೆ ಇವೆ. ಅಲ್ಲಿ ಕಲಿಸಲು ಇಂಗ್ಲೆಂಡ್, ಅಮೆರಿಕದ ಯುವಕರು ದೇಶ ಬಿಟ್ಟು ಹೋಗುತ್ತಾರೆ. ಎರಡು ಶತಮಾನಗಳ ಹಿಂದೆ ಈ ವ್ಯವಹಾರ ತಲೆಕೆಳಗಾಗಿತ್ತು. ಆಗ ವಿದ್ಯಾರ್ಥಿ ಇಂಗ್ಲಿಷಿನವನು, ಮೇಷ್ಟ್ರು ನಮ್ಮವನು. ಆ ಮೇಷ್ಟ್ರನ್ನು ಮುನ್ಷಿ ಎಂದು ಕರೆಯುತ್ತಿದ್ದರು.

1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಬಳ್ಳಾರಿ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಹೀಗೆ ಬಂದ ‘ದತ್ತಮಂಡಲ’ಕ್ಕೆ ಥಾಮಸ್ ಮನ್ರೋ 1807ರವರೆಗೆ ಪ್ರಧಾನ ಕಲೆಕ್ಟರ್ ಆಗಿದ್ದ. ಬಳ್ಳಾರಿ ಮದರಾಸು ಪ್ರಾಂತದ ಮುಖ್ಯ ದಂಡುಗಳಲ್ಲಿ ಒಂದಾಯಿತು. ಇಲ್ಲಿಗೆ ಬರುವ ಇಂಗ್ಲಿಷ್ ಅಧಿಕಾರಿಗೆ ಒಂದು ಭಾಷೆ ಸಾಲುತ್ತಿರಲಿಲ್ಲ. ಸಿಪಾಯಿಗಳಿಗೆ ಅಪ್ಪಣೆ ಕೊಡಲು ಹಿಂದೂಸ್ತಾನಿ ಬೇಕು. ರಾಜರ, ನವಾಬರ ಜತೆಗಿನ ಪತ್ರ ವ್ಯವಹಾರಕ್ಕೆ ಫಾರಸಿ ಬೇಕು. ರೈತನ ಅಹವಾಲು ಕೇಳಲು ಕನ್ನಡವೋ ತೆಲುಗೋ ಬೇಕು. ಮನ್ರೋ ಸ್ವತಃ ತರುಣ ಸೈನಿಕನಾಗಿ ಭಾರತಕ್ಕೆ ಬಂದವನು. ಫಾರಸಿ, ಹಿಂದೂಸ್ತಾನಿಗಳನ್ನು ಇಲ್ಲಿಯೇ ಕಲಿತವನು.

ಕಂಪನಿಯ ದಂಡುಗಳಲ್ಲಿ ಮುನ್ಷಿಯ ಕಸುಬು ಬೆಳೆದದ್ದು ಹೀಗೆ. ಆತ ಅಧಿಕಾರಿಯ ಬಂಗಲೆಗೇ ಹೋಗಿ ಪಾಠ ಹೇಳುತ್ತಿದ್ದ. ತಿಂಗಳಿಗೊಮ್ಮೆ ಸಂಬಳ ಪಡೆಯುತ್ತಿದ್ದ. ಅಧಿಕಾರಿ ಭಾಷೆಯ ಪರೀಕ್ಷೆ ಪಾಸಾದರೆ ಬಡ್ತಿ, ಭತ್ಯೆ ಅಧಿಕಾರಿಗೆ. ಪಲ್ಟಣಕ್ಕೆ ವರ್ಗವಾದರೆ ಕೆಲಸ ಹೋಗುವುದು ಮುನ್ಷಿಗೆ. ಇಂದಿನ ಖಾಸಗಿ ಟ್ಯೂಷನ್ ಮೇಷ್ಟ್ರ ಬದುಕಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಸಿಪಾಯಿಗಳ ಭಾಷೆಯ ಕತೆ ಇದಾದರೆ, ಬಳ್ಳಾರಿಯಲ್ಲಿ ಕನ್ನಡದ ಕತೆಯೂ ಇಂಥದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಂಗ್ಲಿಷ್ ಬಲ್ಲವನು ಕನ್ನಡ ಕಲಿಯಲು ಆಗ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಎಂದಮೇಲೆ ಹ್ಯಾಂಡ್ಸ್ ಕಲಿತದ್ದು ಇಲ್ಲಿನ ಜನರ ಬಾಯಿಂದ, ಇಲ್ಲಿನ ಪಂಡಿತರು, ಮುನ್ಷಿಗಳ ಎದುರು ಕುಳಿತು. ಆ ಕಲಿಕೆಯಿಂದಲೇ ಕನ್ನಡ ಬೈಬಲ್ ರೂಪುಗೊಂಡಿತು. ಅವನ ನಂತರ ಬಳ್ಳಾರಿಗೆ ಬಂದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದೂ ಬಳ್ಳಾರಿಯ ಮಿಷನ್ ಮುದ್ರಣಾಲಯದಲ್ಲೇ.

ಇವೆಲ್ಲ ಕನ್ನಡಕ್ಕೆ ಸಂದ ದೊಡ್ಡ ಸೇವೆಗಳು. ಇದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಿಘಂಟಿನ ಮುಖಪುಟದಲ್ಲಿ ಕಲಿತವನ ಹೆಸರಿದೆ. ಕಲಿಸಿದವನ ಹೆಸರು ಏಕಿಲ್ಲ?

ಉತ್ತರ ಹುಡುಕಲು ಕಲ್ಕತ್ತೆಯ ಸಂಬಳದ ಪಟ್ಟಿ ನೋಡಿದರೆ ಸಾಕು. ಕಂಪನಿಯ ಹೊಸ ನೌಕರರಿಗೆ ಭಾಷೆ ಕಲಿಸಲೆಂದೇ 1800ರಲ್ಲಿ ಅಲ್ಲಿ ಫೋರ್ಟ್ ವಿಲಿಯಂ ಕಾಲೇಜು ಆರಂಭವಾಯಿತು. ಹಿಂದೂಸ್ತಾನಿಯ ಪ್ರೊಫೆಸರ್ ಗಿಲ್‌ಕ್ರಿಸ್ಟ್‌ಗೆ ತಿಂಗಳಿಗೆ 1500 ರೂಪಾಯಿ. ಅವನ ಕೈಕೆಳಗಿನ ಮುಖ್ಯ ಮುನ್ಷಿಗೆ 200, ಸಾಮಾನ್ಯ ಮುನ್ಷಿಗೆ 40. ಉರ್ದು ಗದ್ಯದ ಮೇರುಕೃತಿ ಎನಿಸಿದ ‘ಬಾಗ್-ಒ-ಬಹಾರ್’ ಬರೆದ ಮೀರ್ ಅಮ್ಮನ್ ಈ 40 ರೂಪಾಯಿಯ ಮುನ್ಷಿಗಳಲ್ಲಿ ಒಬ್ಬರು. ಸಾಹೇಬರ ಪಾಠಕ್ಕೆಂದು ಬರೆದ ಪುಸ್ತಕ ಒಂದು ಭಾಷೆಯ ಗದ್ಯಕ್ಕೇ ದಾರಿ ತೋರಿತು. ದಕ್ಷಿಣದಲ್ಲಿ ಮದರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು 1812ರಲ್ಲಿ ಬಂತು. ಕನ್ನಡ, ತೆಲುಗು, ತಮಿಳುಗಳ ಕಲಿಕೆಗೆ ಅದು ಕೇಂದ್ರವಾಯಿತು.

ನಮ್ಮವರು ಕಲಿಸಿದ್ದು ನೆಲದ ಮೇಲಿನ ದಂಡುಗಳಲ್ಲಿ ಮಾತ್ರವಲ್ಲ, ಸಮುದ್ರದಾಚೆಗೂ ಹೋದರು. 1806ರಲ್ಲಿ ಕಂಪನಿ ಇಂಗ್ಲೆಂಡಿನಲ್ಲಿ ತನ್ನ ಕಾಲೇಜನ್ನು ತೆರೆಯಿತು; ಮುಂದೆ ಅದು ಹೇಲಿಬರಿಯಲ್ಲಿ ನೆಲೆಗೊಂಡಿತು. ಗುಲಾಮ್ ಹೈದರ್, ಮಿರ್ಜಾ ಖಲೀಲ್ ಅಲ್ಲಿ ಫಾರಸಿ ಬರವಣಿಗೆ ಕಲಿಸಿದರು. ಕಂಪನಿಯ ಸೈನಿಕ ಶಾಲೆಯಾಗಿದ್ದ ಆಡಿಸ್ಕೋಂಬಿನಲ್ಲಿ ಲಖನೌದ ಮೀರ್ ಹಸನ್ ಅಲಿ 1810ರಿಂದ 1816ರವರೆಗೆ ಹಿಂದೂಸ್ತಾನಿ ಕಲಿಸಿದರು. ಅವರು ಇಂಗ್ಲಿಷ್ ಮಹಿಳೆಯನ್ನು ಮದುವೆಯಾಗಿ ಊರಿಗೆ ಮರಳಿದರು. ಆ ಮಹಿಳೆ ಲಖನೌದ ಮುಸ್ಲಿಮ್ ಮನೆಯೊಳಗಿನ ಬದುಕನ್ನು ಕುರಿತು ಬರೆದ ಗ್ರಂಥ 1832ರಲ್ಲಿ ಪ್ರಕಟವಾಯಿತು. ಆದರೆ ಆಡಿಸ್ಕೋಂಬಿನಲ್ಲಿ ಹಿಂದೂಸ್ತಾನಿಯ ಪ್ರೊಫೆಸರ್ ಎನಿಸಿದವನು ಜಾನ್ ಶೇಕ್ಸ್‌ಪಿಯರ್ ಎಂಬ ಇಂಗ್ಲಿಷಿನವನು. 1813ರ ವ್ಯಾಕರಣ, 1817ರ ನಿಘಂಟು ಅವನ ಹೆಸರಿನಲ್ಲಿವೆ. ತಾಯಿಯ ಮಡಿಲಲ್ಲಿ ಆ ಭಾಷೆ ಕಲಿತ ಮೀರ್ ಹಸನ್ ಅಲಿ ಅಲ್ಲಿ ಅವನ ಸಹಾಯಕ.

ಆಮೇಲೆ ಗಾಳಿ ತಿರುಗಿತು. 1835ರಲ್ಲಿ ಮೆಕಾಲೆಯ ವಾದದ ಬೆನ್ನಿಗೆ ಇಂಗ್ಲಿಷ್ ಶಿಕ್ಷಣಕ್ಕೆ ಸರಕಾರದ ಹಣ ಹರಿಯತೊಡಗಿತು. 1837ರ ಕಾನೂನು ಕಂಪನಿಯ ಕಚೇರಿ–ಕೋರ್ಟುಗಳಿಂದ ಫಾರಸಿಯನ್ನು ಹೊರಗಿಡಲು ದಾರಿ ಮಾಡಿತು. ಬಳ್ಳಾರಿಯಲ್ಲಿ 1846ರಲ್ಲಿ ಹುಟ್ಟಿದ ವಾರ್ಡ್ಲಾ ಶಾಲೆ ಇಂಗ್ಲಿಷ್ ವಿದ್ಯೆಯ ಹೆಸರಾಂತ ನೆಲೆಯಾಯಿತು. ಮುನ್ಷಿ ಒಮ್ಮೆಲೇ ಮಾಯವಾಗಲಿಲ್ಲ. ಸಿಪಾಯಿಗಳ ಭಾಷೆ ಕಲಿಯುವ ಸೇನಾಧಿಕಾರಿಗೆ ಅವನು ಬಹುಕಾಲ ಬೇಕಾಗಿದ್ದ. ಆದರೆ ಅವನ ಮಗನಿಗೆ ಆ ವಿದ್ಯೆಯಿಂದ ಅನ್ನ ಹುಟ್ಟುವ ಭರವಸೆ ಉಳಿಯಲಿಲ್ಲ.

ಮುಸ್ಲಿಮರು ಧರ್ಮದ ಅಂಜಿಕೆಯಿಂದ ಇಂಗ್ಲಿಷಿಗೆ ಬೆನ್ನು ತಿರುಗಿಸಿದರು, ಅದಕ್ಕೇ ಹಿಂದುಳಿದರು ಎಂಬ ಮಾತನ್ನು ನಾವು ಸಾಕಷ್ಟು ಕೇಳಿದ್ದೇವೆ. ಅದರಲ್ಲಿ ಅರ್ಧ ಸತ್ಯವಿರಬಹುದು. ಉಳಿದರ್ಧವನ್ನೂ ಹೇಳಬೇಕು. ಫಾರಸಿ ಬಲ್ಲ ಮನೆತನಗಳಿಗೆ, ಅವು ಮುಸ್ಲಿಮರದಿರಲಿ, ಕಾಯಸ್ಥರದಿರಲಿ, ಹಠಾತ್ತನೆ ತಮ್ಮ ವಿದ್ಯೆಯೇ ಬೆಲೆಯಿಲ್ಲದ ನಾಣ್ಯವಾಯಿತು. ಭಾಷೆ ಕಲಿಸುತ್ತಿದ್ದವರು ಭಾಷೆ ಬಾರದವರೆನಿಸಿದರು. ಅವರ ತಿಳಿವಳಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಬದಲಾದದ್ದು ಅಧಿಕಾರದ ಭಾಷೆ ಮಾತ್ರ.

ಮುಂದಿನ ಶತಮಾನದಲ್ಲಿ ಇನ್ನೊಬ್ಬ ಭಾಷಾ ಶಿಕ್ಷಕರು ಹೊರದೇಶದಲ್ಲಿ ಕಾಣಿಸಿಕೊಳ್ಳುತ್ತಾರೆ. ಭೋಪಾಲದ ಮೌಲವಿ ಬರ್ಕತುಲ್ಲಾ 1909ರಲ್ಲಿ ಟೋಕಿಯೋದ ವಿದೇಶಿ ಭಾಷೆಗಳ ಶಾಲೆಯಲ್ಲಿ ಹಿಂದೂಸ್ತಾನಿ ಕಲಿಸಲು ಸೇರಿದರು. ಪಾಠದ ಜತೆಗೆ ಪತ್ರಿಕೆ ನಡೆಸಿ ಬ್ರಿಟಿಷ್ ಆಳ್ವಿಕೆಯನ್ನು ಟೀಕಿಸಿದರು. ಬ್ರಿಟಿಷರ ಒತ್ತಡಕ್ಕೆ ಸಿಕ್ಕಿ 1914ರಲ್ಲಿ ಆ ಕೆಲಸ ಕಳೆದುಕೊಂಡರು. 1915ರ ಡಿಸೆಂಬರಿನಲ್ಲಿ ಕಾಬೂಲಿನಲ್ಲಿ ರಚನೆಯಾದ ಸ್ವತಂತ್ರ ಭಾರತದ ತಾತ್ಕಾಲಿಕ ಸರಕಾರಕ್ಕೆ ರಾಜಾ ಮಹೇಂದ್ರ ಪ್ರತಾಪ್ ಅಧ್ಯಕ್ಷರಾದರೆ, ಪ್ರಧಾನಿಯಾದವರು ಈ ಮೇಷ್ಟ್ರೇ. ಭಾಷೆಯ ಮೇಷ್ಟ್ರೆಂದರೆ ಬರೀ ಶಬ್ದ, ವಾಕ್ಯ ಒಪ್ಪಿಸುವವನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಹಳೆಯ ಕತೆ ಇಂದಿಗೇಕೆ ಎಂದು ಓದುಗರು ಕೇಳಬಹುದು. ಇಂದು ಇಂಗ್ಲಿಷ್ ಭಾರತದ ಭಾಷೆಗಳಲ್ಲೂ ಒಂದಾಗಿದೆ. ನಮ್ಮ ಯುವಕ ಯುವತಿಯರು ಅದನ್ನು ಚೆನ್ನಾಗಿ ಕಲಿತು ಹೊರದೇಶಗಳಲ್ಲಿ ಕಲಿಸಲು ಹೊರಡುತ್ತಾರೆ. ಅಲ್ಲಿ ಅನೇಕ ಕಡೆ ಮೊದಲು ಕೇಳುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು. ದಕ್ಷಿಣ ಕೊರಿಯಾವನ್ನೇ ನೋಡಿ. ಖಾಸಗಿ ಭಾಷಾ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ವೀಸಾವನ್ನು ಅದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ ಮೀಸಲಿಟ್ಟಿತು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ ಭಾರತೀಯರಿಗೂ ಬಾಗಿಲು ತೆರೆಯಿತು, ಆದರೆ ಸಹಾಯಕ ಶಿಕ್ಷಕರಾಗಿ. ಮೀರ್ ಹಸನ್ ಅಲಿಗೆ ಆಡಿಸ್ಕೋಂಬಿನಲ್ಲಿ ಸಿಕ್ಕ ಸ್ಥಾನವೂ ಅದೇ ಆಗಿತ್ತು. ಆಗ ತನ್ನ ಭಾಷೆಯನ್ನೇ ಕಲಿಸುವವನು ಸಹಾಯಕ. ಈಗ ಚೆನ್ನಾಗಿ ಕಲಿತ ಭಾಷೆಯನ್ನು ಕಲಿಸುವವನೂ ಸಹಾಯಕ. ಭಾಷೆ ಯಾರಿಗೆ ಬರುತ್ತದೆ ಎಂಬುದಕ್ಕಿಂತ ಮೇಷ್ಟ್ರು ಯಾವ ನಾಡಿನವನು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಇಸ್ಲಾಮಿನ ಇತಿಹಾಸದಲ್ಲಿ ಬೇರೆಯೇ ಒಂದು ಮಾದರಿ ಇದೆ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ ಮಕ್ಕಾದವರಲ್ಲಿ ಅಕ್ಷರ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಅದೇ ಅವರ ಬಿಡುಗಡೆಯ ಬೆಲೆ ಎಂದು ಪ್ರವಾದಿಯವರು (ಸ) ಗೊತ್ತುಪಡಿಸಿದರೆಂದು ಚರಿತ್ರೆ ಹೇಳುತ್ತದೆ. ಕಲಿಸುವವನು ಶತ್ರು, ಅನ್ಯಮತದವನು, ಕೈದಿ. ಆದರೂ ಅವನ ವಿದ್ಯೆಯ ಬೆಲೆಯನ್ನು ಅವನ ಕುಲದಿಂದ ಅಳೆಯಲಿಲ್ಲ. ಕಲಿಸಿದ್ದಕ್ಕೆ ಸಿಕ್ಕ ಪ್ರತಿಫಲ ಸ್ವಾತಂತ್ರ್ಯವೇ ಆಗಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ದಂಡು ಹೋಗಿ ಬಹಳ ಕಾಲವಾಯಿತು. ಜೀನ್ಸ್ ಹೊಲಿಗೆಗೆ ಹೆಸರಾದ ಈ ಊರಿನಲ್ಲಿ ಮೂರು ಭಾಷೆಗಳನ್ನು ಆಡುತ್ತ ಬೆಳೆಯುವ ಮಕ್ಕಳು ಇಂದಿಗೂ ಇದ್ದಾರೆ. ಇಂಗ್ಲಿಷ್ ಅವರಿಗೆ ನಾಲ್ಕನೆಯದು. ಆ ಮೂರನ್ನು ಕೊರತೆಯೆಂದು ತಿಳಿದು ಮಕ್ಕಳಿಗೆ ಕೀಳರಿಮೆ ಕಲಿಸುವ ಬದಲು, ಒಂದು ಕಾಲದಲ್ಲಿ ದೊರೆಗಳು ಸಂಬಳ ಕೊಟ್ಟು ಕಲಿತ ಭಾಷೆಗಳಿವು ಎಂದು ನಾವು ತಿಳಿಸಬೇಕು. ಇಂಗ್ಲಿಷನ್ನು ಅವರು ಧೈರ್ಯವಾಗಿ ಕಲಿಯಲಿ, ಕಲಿಸಲೂ ಹೊರಡಲಿ.

ಇನ್ನೊಂದು ಕೆಲಸವೂ ಬಾಕಿ ಇದೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜ ಮುತ್ತಜ್ಜಂದಿರ ಫಾರಸಿ, ಉರ್ದು, ಮೋಡಿ ಕಾಗದಗಳಿದ್ದರೆ ಅವನ್ನು ರದ್ದಿಗೆ ಹಾಕದೆ ಬಲ್ಲವರಿಗೆ ತೋರಿಸಬೇಕು. ಯಾರ ಕೈಬರಹ, ಯಾರಿಗೆ ಕಲಿಸಿದವರು ಎಂದು ಹಿರಿಯರನ್ನು ಕೇಳಿ ಬರೆದಿಡಬೇಕು. ನಿಘಂಟುಗಳ ಮುಖಪುಟದಲ್ಲಿ ಸಿಗದ ಹೆಸರುಗಳು ಸಿಕ್ಕರೆ ಅಲ್ಲಿಯೇ ಸಿಗಬೇಕು.