ಹೆಜ್ಜೇನಿನ ಗುಳೆ, ತುಡುವೆಯ ಪಾಡು

ಗುಳೆ ಎಂದರೇನೆಂದು ಯಾದಗಿರಿ, ಶಹಾಪುರ, ಸುರಪುರದ ಜನರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಮುಂಬೈಗೋ ಹೊರಡುವುದು ಈ ಸೀಮೆಗೆ ಹೊಸದಲ್ಲ. ಬಂಡೆಯ ಚಾಚಿನಲ್ಲಿ, ಎತ್ತರದ ಮರದಲ್ಲಿ ಎರಿ ಕಟ್ಟುವ ಹೆಜ್ಜೇನಿಗೂ ಗುಳೆಯುಂಟು. ಹೂವು ತೀರಿದೊಡನೆ ಎರಿಯನ್ನು ಅಲ್ಲಿಯೇ ಬಿಟ್ಟು ಹಿಂಡಿಗೆ ಹಿಂಡೇ ಹಾರಿಹೋಗುತ್ತದೆ.

ಹೊಟ್ಟೆಪಾಡಿನ ಈ ವಲಸೆಯೇ ರೋಗಕ್ಕೂ ಮದ್ದಾಗಿದೆ. ಹೆಜ್ಜೇನಿಗೆ ಅಂಟುವ ಟ್ರೊಪಿಲೇಲ್ಯಾಪ್ಸ್ ಎಂಬ ನುಸಿಗೆ ಮರಿಹುಳುವಿನ ರಸವೇ ಆಹಾರ. ಮರಿಗಳಿಲ್ಲದೆ ಅದು ಕೆಲವೇ ದಿನ ಬಾಳೀತು. ಹಿಂಡು ಹೊಸ ಜಾಗ ಸೇರಿ, ಎರಿ ಕಟ್ಟಿ, ಮತ್ತೆ ಮರಿ ಸಾಕುವ ಹೊತ್ತಿಗೆ ನುಸಿಯ ಸಂತಾನ ಬಹುಮಟ್ಟಿಗೆ ಕ್ಷೀಣಿಸಿರುತ್ತದೆ.

ಪೆಟ್ಟಿಗೆಯಲ್ಲಿ ಸಾಕುವ ತುಡುವೆಯ ಉಪಾಯ ಬೇರೆ. ಅದರ ಹಳೆಯ ಸಂಗಾತಿ ವರೋವಾ ಎಂಬ ಇನ್ನೊಂದು ನುಸಿ. ತುಡುವೆಯ ಗೂಡಿನಲ್ಲಿ ಈ ನುಸಿ ಹೆಚ್ಚಾಗಿ ಗಂಡುನೊಣದ ಮರಿಗಳಲ್ಲಿಯೇ ಸಂತಾನ ಬೆಳೆಸುತ್ತದೆ. ನುಸಿ ಹಿಡಿದು ಸೊರಗಿದ ಗಂಡುಮರಿಗೆ ಕಣದ ಮುಚ್ಚಳ ಒಡೆದು ಬರಲಾಗದೆ, ನುಸಿಯೂ ಅಲ್ಲಿಯೇ ಸಮಾಧಿಯಾಗುವುದುಂಟು. ಕೆಲಸಗಾರ ನೊಣಗಳು ಒಂದರ ಮೈಯನ್ನೊಂದು ಹುಡುಕಿ ನುಸಿ ತೆಗೆಯುತ್ತವೆ. ಇದೇ ನುಸಿ ಯುರೋಪಿನ ಮೆಲ್ಲಿಫೆರಾ ಜೇನಿಗೆ ದಾಟಿದಾಗ ಅಲ್ಲಿ ಕೆಲಸಗಾರ ಮರಿಗಳಲ್ಲೂ ಹೆಚ್ಚಿ, ಜಗತ್ತಿನಾದ್ಯಂತ ಲಕ್ಷಾಂತರ ಕುಟುಂಬಗಳ ಪ್ರಾಣ ತೆಗೆಯಿತು.

ಆದರೆ ನುಸಿಯನ್ನು ಗೆದ್ದ ತುಡುವೆ ವೈರಸ್ಸಿನ ಮುಂದೆ ಸೋತಿತು. ಥಾಯ್ಲೆಂಡಿನಲ್ಲಿ 1976ರಲ್ಲಿ ಕಂಡ ಥಾಯ್ ಸ್ಯಾಕ್‌ಬ್ರೂಡ್ ರೋಗ 1991–92ರಲ್ಲಿ ದಕ್ಷಿಣ ಭಾರತಕ್ಕೆ ಬಂತು. ಈ ರೋಗ ಬಂದರೆ ಮರಿ ಕೋಶಾವಸ್ಥೆಗೆ ಹೋಗುವ ಮೊದಲೇ ಸತ್ತು ನೀರು ತುಂಬಿದ ಪುಟ್ಟ ಚೀಲದಂತಾಗುತ್ತದೆ. ನೂರಕ್ಕೆ ತೊಂಬತ್ತರಷ್ಟು ಸಾಕು ಕುಟುಂಬಗಳು ನಾಶವಾದವು. ಜೇನಿಗೇ ಹೆಸರಾದ ಕೊಡಗಿನಲ್ಲೂ ಪೆಟ್ಟಿಗೆಗಳು ಬರಿದಾದವು.

ಔಷಧವಿಲ್ಲದ ಈ ರೋಗಕ್ಕೆ ತಜ್ಞರು ಸೂಚಿಸಿದ ಒಂದು ಉಪಾಯವೆಂದರೆ ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುವುದು. ಮರಿಯಿಲ್ಲದಿದ್ದರೆ ವೈರಸ್ಸು ಹೆಚ್ಚಲು ನೆಲೆಯೂ ಇಲ್ಲ. ಹೆಜ್ಜೇನು ರೆಕ್ಕೆ ಬಿಚ್ಚಿ ಮಾಡುವ ಕೆಲಸವನ್ನೇ ಇಲ್ಲಿ ಮನುಷ್ಯ ಪಂಜರದಿಂದ ಮಾಡಿಸುತ್ತಾನೆ. ತಮಾಷೆಯೆಂದರೆ, ತುಡುವೆಗೂ ಗೂಡು ಬಿಟ್ಟು ಹೋಗುವ ಸ್ವಭಾವವಿದೆ. ಸಾಕುವವರು ಅದನ್ನು ದುರ್ಗುಣವೆಂದೆಣಿಸಿ ಪೆಟ್ಟಿಗೆಯ ಬಾಗಿಲಿಗೆ ರಾಣಿ ತಡೆ ಹಾಕುತ್ತಾರೆ.

ಸಾವಿನಿಂದ ಪಾರಾದ ಕುಟುಂಬಗಳಿಂದಲೇ ಮುಂದೆ ತುಡುವೆ ನಿಧಾನವಾಗಿ ಚೇತರಿಸಿಕೊಂಡಿತು. ರೋಗ ಮಾತ್ರ ಹೋಗಿಲ್ಲ. ಇಂದಿಗೂ ಆಗೊಮ್ಮೆ ಈಗೊಮ್ಮೆ ಪೆಟ್ಟಿಗೆಗಳಲ್ಲಿ ತಲೆಯೆತ್ತುತ್ತದೆ.