ಶರಾವತಿಯ ಮುಳುಗಡೆ: ಲೆಕ್ಕಕ್ಕೆ ಬಾರದ ಬೆಲೆ



ಜೋಗದ ಜಲಪಾತವನ್ನು ಕಣ್ಣಾರೆ ಕಾಣದವರು ನಮ್ಮ ನಾಡಿನಲ್ಲಿ ವಿರಳ. 830 ಅಡಿಗಳ ಎತ್ತರದಿಂದ ಧುಮುಕುವ ಆ ನೀರನ್ನು ಕಂಡು ಮೈಮರೆತವರೇ ಎಲ್ಲರೂ. ಆದರೆ ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಹೋದವರು ಬಂಡೆಯನ್ನು ಕಂಡು ಮರಳುತ್ತಾರೆ. ಆ ನೀರು ಎಲ್ಲಿಗೆ ಹೋಯಿತೆಂದು ಕೇಳಿದರೆ, ನಮ್ಮ ಮನೆಯ ದೀಪಕ್ಕೆ ಹೋಯಿತೆಂಬುದೇ ಉತ್ತರ. ಆ ದೀಪಕ್ಕೆ ಎಣ್ಣೆಯೆರೆದವರು ಯಾರೆಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ.

ಕೆಲವು ವರ್ಷಗಳ ಹಿಂದೆ ಇಷ್ಟಲಿಂಗ ಪೂಜಾ ಕಾರ್ಯಕ್ರಮದ ನಿಮಿತ್ತ ನಾವು ಸಾಗರ ಸೀಮೆಗೆ ದಯಮಾಡಿಸಿದ್ದೆವು. ಬಿಡಾರವಿದ್ದ ಮನೆಯ ಯಜಮಾನರು ಎಪ್ಪತ್ತು ದಾಟಿದ ವೃದ್ಧರು. ಪೂಜೆ ಮುಗಿದ ಬಳಿಕ ಅವರು ವಿಭೂತಿಯ ಗಟ್ಟಿಗಳನ್ನಿಡುವ ಮರದ ಪೆಟ್ಟಿಗೆಯಿಂದ ಹಳದಿಗೆ ತಿರುಗಿದ ಒಂದು ಕಾಗದವನ್ನು ತೆಗೆದು ನಮ್ಮ ಮುಂದಿಟ್ಟರು. ಅದು ಅವರ ತಂದೆ ತಮ್ಮ ಅಡಿಕೆ ತೋಟಕ್ಕೆ ಕಟ್ಟಿದ ಕಂದಾಯದ ರಸೀದಿ. "ಬುದ್ಧಿ, ಈ ತೋಟದ ಮೇಲೆ ಈಗ ಆಳೆತ್ತರವಲ್ಲ, ಮರದೆತ್ತರ ನೀರಿದೆ" ಎಂದರು. ಇತಿಹಾಸವನ್ನು ವಿಶ್ವವಿದ್ಯಾನಿಲಯದಲ್ಲಿ ಓದಿದವರು ನಾವು. ಶಾಸನ, ಕಡತಗಳನ್ನು ಕಂಡವರು. ಆದರೂ ಆ ತುಂಡು ಕಾಗದ ನಮ್ಮನ್ನು ಬಹುಕಾಲ ಕಾಡಿತು. ಈ ಲೇಖನಕ್ಕೆ ಅದೇ ಪ್ರೇರಣೆ.

ಶರಾವತಿಯ ಕಣಿವೆ ಬರಿಯ ಕಾಡಲ್ಲ, ಚರಿತ್ರೆಯ ರಂಗಭೂಮಿ. ಕಣಿವೆಯ ಕೆಳಭಾಗದ ಗೇರುಸೊಪ್ಪೆಯಿಂದ ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದಳು. ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರಿಗೆ ಆಕೆಯ ಹೆಸರು ಚಿರಪರಿಚಿತವಾಗಿತ್ತು. ಅಲ್ಲಿನ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಹೊರಟು, ಗೇರುಸೊಪ್ಪೆಯ ಘಟ್ಟವನ್ನೇರಿ, ವೆಂಕಟಪ್ಪ ನಾಯಕನ ಇಕ್ಕೇರಿಯನ್ನು ತಲುಪಿದನು. ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ಆ ವೀರಶೈವ ಅರಸುಮನೆತನದ ಪರಿಚಯ ನಮ್ಮ ವಾಚಕರಿಗೆ ಹೊಸತೇನಲ್ಲ. ಅವರಲ್ಲಿ ಶಿವಪ್ಪ ನಾಯಕ (1645–1660) ಮಾಡಿದ ಒಂದು ಕಾರ್ಯ ನಮ್ಮ ಈ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಅದುವೇ ಶಿಸ್ತು. ನೆಲವನ್ನು ಗುಣಕ್ಕನುಸಾರವಾಗಿ ಐದು ದರ್ಜೆಗಳಲ್ಲಿ ವಿಂಗಡಿಸಿ, ಬೆಳೆಯನ್ನು ಪರೀಕ್ಷಿಸಿ ನೋಡಿ, ಒಕ್ಕಲಿಗೆ ಹೊರಬಹುದಾದಷ್ಟೇ ಕಂದಾಯವನ್ನು ಗೊತ್ತುಮಾಡಿದ ಪದ್ಧತಿಯಿದು. ಅರಸನಾದವನು ನೆಲದ ಬೆಲೆಯನ್ನು ಅದರಲ್ಲಿ ದುಡಿಯುವವನ ಕಣ್ಣಿನಿಂದ ನೋಡಿ ನಿರ್ಧರಿಸಿದನೆಂಬುದೇ ಇದರ ಹಿರಿಮೆ. ಮುನ್ನೂರು ವರ್ಷಗಳ ಬಳಿಕ ಅದೇ ಸೀಮೆಯ ನೆಲಕ್ಕೆ ಇನ್ನೊಮ್ಮೆ ಬೆಲೆ ಕಟ್ಟಲಾಯಿತು. ಆ ಬಾರಿ ನೋಡಿದ ಕಣ್ಣು ಬೇರೆ.

ಜಲವಿದ್ಯುತ್ತಿನಲ್ಲಿ ಮೈಸೂರು ಸಂಸ್ಥಾನ ಹಿಂದೆ ಬಿದ್ದುದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಶರಾವತಿಯ ಸರದಿ ಆಮೇಲೆ ಬಂತು. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆ ಎದ್ದು, ಜೋಗದ ಬುಡದ ವಿದ್ಯುದಾಗಾರ 1948ರಲ್ಲಿ ಕೆಲಸಕ್ಕೆ ತೊಡಗಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಅದಕ್ಕೆ ಬಳಿಕ ಮಹಾತ್ಮಾ ಗಾಂಧಿಯವರ ಹೆಸರಾಯಿತು. ಅದರ ಸಾಮರ್ಥ್ಯ ಕ್ರಮೇಣ 120 ಮೆಗಾವ್ಯಾಟಿಗೆ ಏರಿತು. ನಾಡಿನ ಹಸಿವಿಗೆ ಅದು ಸಾಲದಾಯಿತು. ಆದುದರಿಂದ ಲಿಂಗನಮಕ್ಕಿಯಲ್ಲಿ ಇನ್ನೊಂದು ಕಟ್ಟೆ, 1964ರಲ್ಲಿ. ಸಮುದ್ರಮಟ್ಟದಿಂದ 1,819 ಅಡಿಗಳವರೆಗೆ ನೀರು ನಿಲ್ಲಿಸುವ, ಸುಮಾರು 150 ಟಿ.ಎಂ.ಸಿ. ನೀರನ್ನು ಹಿಡಿಯುವ ಜಲಾಶಯವದು. ಹದಿನಾರು ವರ್ಷಗಳ ಹಿಂದೆಯಷ್ಟೇ ಮುಗಿದಿದ್ದ ಹಿರೇಭಾಸ್ಕರದ ಕಟ್ಟೆಯೇ ಇದರ ಹಿನ್ನೀರಿನಲ್ಲಿ ಮುಳುಗಿತೆಂದರೆ ಇದರ ಗಾತ್ರವನ್ನು ವಾಚಕರು ಊಹಿಸಿಕೊಳ್ಳಬಹುದು. ಇದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ಇಂದು 1,035 ಮೆಗಾವ್ಯಾಟ್. ಬಹುಕಾಲ ಕರ್ನಾಟಕದ ಕಾರ್ಖಾನೆಗಳು ತಿರುಗಿದ್ದೇ ಇದರ ಬಲದಿಂದ. ಈ ಉಪಕಾರವನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಈ ಸಾಲುಗಳನ್ನು ನಾವು ಬರೆಯುತ್ತಿರುವ ಕೊಠಡಿಯ ದೀಪದಲ್ಲಿಯೂ ಶರಾವತಿಯ ಪಾಲಿದೆ.

ಇನ್ನು ಮುಳುಗಡೆಯ ಮಾತು. ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಮಿಕ್ಕಿದ ಗ್ರಾಮಗಳು ಪೂರ್ತಿಯಾಗಿಯೋ ಅರೆಯಾಗಿಯೋ ನೀರಿಗೆ ಸಂದವು. ಮನೆ ಬಿಟ್ಟವರ ಸಂಖ್ಯೆ ಸುಮಾರು 12,000 ಎಂದು ಹೇಳಲಾಗುತ್ತದೆ. ಮುನ್ನೂರು ಚದರ ಕಿಲೋಮೀಟರುಗಳಷ್ಟು ನೀರು ಹರಡಿಕೊಂಡಿತು. ಮಲೆನಾಡಿನ ಬೇಸಾಯವನ್ನು ಬಲ್ಲವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಅಲ್ಲಿ ಗುಡ್ಡದ ನೆತ್ತಿ ಜಂಬಿಟ್ಟಿಗೆ ಕಲ್ಲು. ಕಣಿವೆಯ ತಳವೇ ಗದ್ದೆ, ತೋಟ, ಊರು, ದೇವಸ್ಥಾನ. ನೀರು ಮೊದಲು ತುಂಬುವುದೂ ತಳದಲ್ಲಿಯೇ. ಅನ್ನ ಕೊಡುವ ನೆಲವೆಲ್ಲ ಮುಳುಗಿ ಅನ್ನ ಕೊಡದ ನೆತ್ತಿ ಉಳಿಯಿತು. ಅಡಿಕೆ ತೋಟವೆಂಬುದು ಒಂದು ವರ್ಷದ ಬೆಳೆಯೂ ಅಲ್ಲ. ಸಸಿ ನೆಟ್ಟವನ ಮಗ ಕೊನೆ ಇಳಿಸುವ ಬೆಳೆ. ತೋಟಕ್ಕೆ ಸೊಪ್ಪಿನಬೆಟ್ಟ ಬೇಕು, ನೀರಿನ ಕಾಲುವೆ ಬೇಕು, ಕೆಲಸ ಬಲ್ಲ ನೆರೆಹೊರೆ ಬೇಕು. 1894ರ ಭೂಸ್ವಾಧೀನ ಕಾನೂನಿನ ಮೂಸೆಯಲ್ಲಿ ಇವಾವುದಕ್ಕೂ ಎಡೆಯಿರಲಿಲ್ಲ. ಅಲ್ಲಿ ಇದ್ದದ್ದು ಎಕರೆ, ಮತ್ತು ಎಕರೆಗೆ ಇಷ್ಟು ರೂಪಾಯಿ.

ಇದಕ್ಕಿಂತ ದೊಡ್ಡದೊಂದು ಅನ್ಯಾಯವಿದೆ. ಅದನ್ನು ಚರಿತ್ರಕಾರರು ಹೆಚ್ಚಾಗಿ ಗಮನಿಸಿದಂತಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಸತ್ಯಾಗ್ರಹ ಹೂಡಿದರು. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹುಟ್ಟಿದ ಆ ಹೋರಾಟವನ್ನು ಎಚ್. ಗಣಪತಿಯಪ್ಪನವರು ಸಂಘಟಿಸಿದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಪೂರ್ಣವಾಗಿ ಜಾರಿಗೆ ಬಂದದ್ದು 1974ರಲ್ಲಿ. ನಾಡಿನಾದ್ಯಂತ ಗೇಣಿದಾರರು ಅರ್ಜಿ ಹಾಕಿ ಒಡೆಯರಾದರು. ಆದರೆ ಶರಾವತಿಯ ಕಣಿವೆಯ ಗೇಣಿದಾರನ ಗದ್ದೆ ಅದಕ್ಕೆ ಹತ್ತು ವರ್ಷ ಮೊದಲೇ ನೀರಿನಡಿಗೆ ಸೇರಿತ್ತು. ಕಡತದಲ್ಲಿ ಹೆಸರಿದ್ದ ಒಡೆಯನಿಗೆ ನೆಲದ ಪರಿಹಾರ ಸಂದಿತು. ಉತ್ತವನಿಗೆ ಕೇಳಲು ನೆಲವೇ ಉಳಿಯಲಿಲ್ಲ. ಜೀತಕ್ಕಿದ್ದವರ ಗತಿಯಂತೂ ಕೇಳುವಂತಿಲ್ಲ. ಭೂಮಿಗಾಗಿ ನಾಡಿಗೇ ಮೊದಲ ಪಾಠ ಹೇಳಿದ ತಾಲ್ಲೂಕಿನಲ್ಲಿ, ಆ ಪಾಠದ ಫಲ ಬರುವ ವೇಳೆಗೆ ಇಷ್ಟು ಜನ ಪಂಕ್ತಿಯಿಂದ ಎದ್ದು ಹೋಗಿದ್ದರು.

ಎದ್ದು ಹೋದವರಿಗೆ ಶಿವಮೊಗ್ಗ ಜಿಲ್ಲೆಯ ಕಾಡುಭೂಮಿಗಳಲ್ಲಿ ನೆಲೆ ತೋರಿಸಲಾಯಿತು. ಅವರು ಕಾಡು ಕಡಿದು ಗದ್ದೆ ಮಾಡಿದರು. ಮುಳುಗಿದ ಕಾಡಿನೊಂದಿಗೆ ಹೀಗೆ ಕಡಿದ ಕಾಡನ್ನೂ ಅಣೆಕಟ್ಟೆಯ ಲೆಕ್ಕಕ್ಕೇ ಹಿಡಿಯಬೇಕು. ಆದರೆ ಹಕ್ಕುಪತ್ರದ ಮಾತು ಹಿಂದೆ ಬಿತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾನೂನು ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯವನ್ನು ಬಿಡುಗಡೆ ಮಾಡುವಂತಿಲ್ಲ. ರಾಜ್ಯ ಸರ್ಕಾರವು ಆ ಒಪ್ಪಿಗೆಯಿಲ್ಲದೆಯೇ ಹೊರಡಿಸಿದ್ದ ಆದೇಶಗಳನ್ನು 2021ರಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ 1964ರಲ್ಲಿ ನಾಡಿಗಾಗಿ ಮನೆ ಬಿಟ್ಟವನ ಮೊಮ್ಮಗ, ಅರುವತ್ತು ವರ್ಷ ಉತ್ತ ನೆಲದಲ್ಲಿ ಇಂದು ಒತ್ತುವರಿದಾರನೆಂದು ಕರೆಸಿಕೊಳ್ಳುತ್ತಾನೆ.

ಹೋಗದೆ ಉಳಿದವರ ಕಥೆ ಬೇರೆ. ತುಮರಿಯ ಸುತ್ತಲಿನ ಕರೂರು ಸೀಮೆ ಮೂರು ದಿಕ್ಕಿನಲ್ಲಿ ಹಿನ್ನೀರು ಆವರಿಸಿ ದ್ವೀಪದಂತಾಯಿತು. ಆಸ್ಪತ್ರೆಗೆ, ನ್ಯಾಯಾಲಯಕ್ಕೆ, ಮದುವೆಗೆ, ಎಲ್ಲಕ್ಕೂ ಲಾಂಚ್ ಕಾಯಬೇಕಾಗಿತ್ತು; ಸಂಜೆಯಾದ ಮೇಲೆ ಅದೂ ಇರುತ್ತಿರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದಲ್ಲಿ ಎಷ್ಟೋ ಮನೆಗಳು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯನ್ನು ಹಚ್ಚಿದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಯೋಜನೆಯ ಇಲಾಖೆಯಲ್ಲಿಯೇ ನೌಕರರಾಗಿದ್ದ ಸಾಹಿತಿ ನಾ. ಡಿ'ಸೋಜ ಅವರು ಈ ಜನರ ಬದುಕನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಚಿತ್ರಿಸಿರದಿದ್ದರೆ ಕನ್ನಡ ನಾಡು ಇವರನ್ನು ಇನ್ನೂ ಬೇಗ ಮರೆಯುತ್ತಿತ್ತೇನೋ. ಹೊಸನಗರ ತಾಲ್ಲೂಕಂತೂ ಒಂದೇ ಪೆಟ್ಟಿಗೆ ಪಾರಾಗಲಿಲ್ಲ. ಲಿಂಗನಮಕ್ಕಿಯ ಬಳಿಕ ಚಕ್ರಾ, ಸಾವೆಹಕ್ಲು. ಅನಂತರ ವಾರಾಹಿ ಯೋಜನೆಯ ಮಾಣಿ.

ನದಿಯ ಕೆಳಗಿನ ತುದಿಯಲ್ಲಿ ನಡೆದದ್ದು ಇನ್ನೂ ಸೂಕ್ಷ್ಮ. ಹಿಂದೆ ಬೇಸಿಗೆಯಲ್ಲಿ ಶರಾವತಿ ಸೊರಗುತ್ತಿತ್ತು. ಹೊನ್ನಾವರದ ಅಳಿವೆಯಲ್ಲಿ ಸಮುದ್ರದ ಉಪ್ಪುನೀರು ಒಳಕ್ಕೇರುತ್ತಿತ್ತು. ಆ ಏರಿಳಿತಕ್ಕೆ ಹೊಂದಿಕೊಂಡು ಚಿಪ್ಪುಜೀವಿಗಳು, ಮೀನುಗಳು ಬದುಕಿದ್ದವು. ವಿದ್ಯುದಾಗಾರ ವರ್ಷವಿಡೀ ಸಿಹಿನೀರು ಬಿಡತೊಡಗಿದ ಮೇಲೆ ಅಳಿವೆಯ ಉಪ್ಪು ತಗ್ಗಿತು, ಚಿಪ್ಪುಗಳು ಕಣ್ಮರೆಯಾದವು. ಕಟ್ಟೆಯಿಲ್ಲದ ನೆರೆಯ ಅಘನಾಶಿನಿಯ ಅಳಿವೆಯಲ್ಲಿ ಇಂದಿಗೂ ಸಾವಿರಾರು ಜನ ಚಿಪ್ಪು ಆರಿಸಿ ಜೀವಿಸುತ್ತಾರೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಎರಡೂ ನದಿಗಳನ್ನು ಹೋಲಿಸಿ ತೋರಿಸಿದ್ದಾರೆ. ಚಿಪ್ಪು ಆರಿಸುವ ಹೆಂಗಸಿಗೆ ಪರಿಹಾರ ಕೊಡಬೇಕೆಂದು 1964ರಲ್ಲಿ ಯಾರಿಗೆ ತಾನೇ ಹೊಳೆದೀತು? ಆಕೆಯ ಮನೆ ಮುಳುಗಿರಲಿಲ್ಲವಲ್ಲ.

ನಮ್ಮವರ ಒಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇವೆ. ನಾರಾಯಣಪುರದ ಜಲಾಶಯದ ನೀರು ಕೂಡಲಸಂಗಮವನ್ನು ಮುಟ್ಟಿದಾಗ ನಾವೆಲ್ಲ ಕಳವಳಗೊಂಡೆವು. ಅಣ್ಣನವರ ಐಕ್ಯಸ್ಥಳದ ಸುತ್ತ ಭದ್ರವಾದ ಗೋಡೆಯೆದ್ದಿತು; ಇಂದು ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಅದು ಆಗಬೇಕಾದದ್ದೇ. ಶರಾವತಿಯ ತಳದಲ್ಲಿ ಮಲಗಿರುವ ಹಳ್ಳಿಹಳ್ಳಿಯ ಗುಡಿಗಳಿಗೆ, ಗದ್ದುಗೆಗಳಿಗೆ, ಭೂತನ ಬನಗಳಿಗೆ ಗೋಡೆ ಕಟ್ಟೆಂದು ಕೇಳುವ ದನಿಯಿರಲಿಲ್ಲ. ನಾವೂ ಕೇಳಲಿಲ್ಲ.

ಶರಾವತಿಯ ವಿದ್ಯುತ್ತು ರಾಜ್ಯದಲ್ಲಿ ಅತ್ಯಂತ ಅಗ್ಗವಾದವುಗಳಲ್ಲೊಂದೆಂದು ಅರ್ಥಶಾಸ್ತ್ರಜ್ಞರು ಹೊಗಳುತ್ತಾರೆ. ಕಟ್ಟೆಯ ಸಾಲ ತೀರಿದೆ, ಇಂಧನ ಕೊಳ್ಳಬೇಕಿಲ್ಲ, ಆದುದರಿಂದ ಅಗ್ಗ. ಆದರೆ ಒಕ್ಕಲಿನ ಸಾಲ, ಕಾಡಿನ ಸಾಲ, ಅಳಿವೆಯ ಸಾಲ ಯಾವ ಖಾತೆಯಲ್ಲಿಯೂ ಬರೆದಿಲ್ಲವೆಂಬುದೂ ಆ ಅಗ್ಗಕ್ಕೊಂದು ಕಾರಣ. ಅಣೆಕಟ್ಟೆಗಳನ್ನು ಹೊಸ ಯುಗದ ದೇಗುಲಗಳೆಂದು ಕೊಂಡಾಡಿದ ನೆಹರೂ ಅವರೇ 1958ರ ನವೆಂಬರಿನಲ್ಲಿ ಇಂಜಿನಿಯರುಗಳ ಸಭೆಯಲ್ಲಿ, ದೊಡ್ಡದೆಂಬ ಕಾರಣಕ್ಕೇ ದೊಡ್ಡದನ್ನು ಕಟ್ಟುವ ಗೀಳಿನ ಬಗ್ಗೆ ಎಚ್ಚರಿಸಿದ್ದರು. ಲಿಂಗನಮಕ್ಕಿ ಮೇಲೇಳುವ ಮೊದಲೇ ಆಡಿದ ಮಾತದು. ಜಾಗತಿಕ ಅಣೆಕಟ್ಟು ಆಯೋಗವು 2000ದಲ್ಲಿ, ಲೋಕದಲ್ಲಿ ದೊಡ್ಡ ಕಟ್ಟೆಗಳಿಂದ ನೆಲೆ ಕಳೆದುಕೊಂಡವರು 4 ಕೋಟಿಯಿಂದ 8 ಕೋಟಿ ಎಂದು ಅಂದಾಜು ಮಾಡಿತು. ಅಂದಾಜಿನ ಎರಡು ತುದಿಗಳ ನಡುವೆಯೇ 4 ಕೋಟಿ ಜನರ ಅಂತರ! ಎಣಿಸುವವರೇ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದು, ಮಲೆನಾಡಿಗರು ಬೀದಿಗಿಳಿದರು. ಅದೇ ವರ್ಷ ಕಣಿವೆ ಸಿಂಗಳೀಕಗಳ ಅಭಯಾರಣ್ಯವೂ ಆಯಿತು. ಈಗ ಆ ಅಭಯಾರಣ್ಯದ ನೆಲದಡಿಯಲ್ಲಿಯೇ, ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟಿನ ಯೋಜನೆಯ ಪ್ರಸ್ತಾಪವೆದ್ದಿದೆ. ವಾದ ಪ್ರತಿವಾದಗಳು ನಡೆದಿವೆ. ಹೊಸ ಖಾತೆ ತೆರೆಯುವ ಮೊದಲು ಹಳೆಯ ಖಾತೆಯ ಬಾಕಿ ತೀರಿಸಿರೆಂದು ಮುಳುಗಡೆಯ ಜನ ಕೇಳುವುದರಲ್ಲಿ ನಮಗೆ ತಪ್ಪೇನೂ ಕಾಣದು.

ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದಾಗ ಮಡೆನೂರಿನ ಹಳೆಯ ಕಟ್ಟೆ ಹೊರಗೆ ಕಾಣುತ್ತದೆ. ಜನ ದೂರದೂರದಿಂದ ಹೋಗಿ ನೋಡಿ ಬರುತ್ತಾರೆ. ನೀವೂ ಹೋಗುವಿರಾ ಎಂದು ನಾವು ಆ ವೃದ್ಧರನ್ನು ಕೇಳಿದೆವು. ರಸೀದಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತ ಅವರು ಹೇಳಿದರು: "ಹೋಗ್ತೀನಿ ಬುದ್ಧಿ. ಆದ್ರೆ ಅದು ಕಾಣೋದು ಮಳೆ ಕೈಕೊಟ್ಟ ವರ್ಷ. ನಾಡಿಗೆಲ್ಲ ಕರೆಂಟಿಲ್ಲ ಅಂತ ಅಳೋ ವರ್ಷವೇ ನಮಗೆ ನಮ್ಮೂರಿನ ದಾರಿ ಕಾಣೋದು."